ಎದುರು ಬೀದಿಗೆ ಮಿಷನರಿ ಬೇಕಾಗಿಲ್ಲ

20ನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟ್ ಚರ್ಚುಗಳು ಪಟ್ಟಾಭಿಷೇಕ ಮಾಡುತ್ತಿದ್ದವು. ರಾಜನನ್ನು ಒದ್ದೋಡಿಸಿ ಹುಟ್ಟಿದ ದೇಶ ಅದು. ಆದರೂ ಜಾರ್ಜಿಯಾ, ಅಲಬಾಮಾಗಳ ಸಣ್ಣ ಸಣ್ಣ ಊರುಗಳಲ್ಲಿ ಹತ್ತು-ಹನ್ನೆರಡರ ಹುಡುಗಿಯರು ನೆಲ ಗುಡಿಸುವಷ್ಟುದ್ದದ ಬಿಳಿ ಗೌನು ತೊಟ್ಟು, ಬಂಧುಬಳಗದ ಎದುರು ಸಾಲಾಗಿ ನಡೆದುಬಂದು, ತಲೆಗೆ ಕಿರೀಟ ಇಡಿಸಿಕೊಳ್ಳುತ್ತಿದ್ದರು. ಸಂಘದ ಹೆಸರು ಗರ್ಲ್ಸ್ ಆಕ್ಸಿಲಿಯರಿ. ಅದರಲ್ಲಿ ಮೆಟ್ಟಿಲುಗಳಿದ್ದವು: ಮೊದಲು ಬರೀ ಕನ್ಯೆ, ಆಮೇಲೆ ರಾಣಿಯ ಸಖಿ, ರಾಜಕುಮಾರಿ, ರಾಣಿ, ಅದಕ್ಕೂ ಮೇಲೆ ರಾಜದಂಡ ಹಿಡಿದ ರಾಣಿ. ಒಂದೊಂದು ಮೆಟ್ಟಿಲು ಹತ್ತಲೂ ಬೈಬಲ್ ವಾಕ್ಯ ಬಾಯಿಪಾಠ ಮಾಡಬೇಕು, ಹೊರದೇಶದ ಮಿಷನರಿಗಳ ಬಗ್ಗೆ ಓದಿರಬೇಕು. ಹುಡುಗರಿಗೆ ಬೇರೆ ಸಂಘ, 1908ರಲ್ಲಿ ಶುರುವಾದ ರಾಯಲ್ ಅಂಬಾಸಡರ್ಸ್. ಅವರು ರಾಜನ ರಾಯಭಾರಿಗಳು. ರಾಣಿಯರೂ ರಾಯಭಾರಿಗಳೂ ತಯಾರಾದ ಮೇಲೆ ಬೇಕಾದದ್ದು ರಾಜ್ಯವೊಂದೇ. ಅದು ಸಮುದ್ರದಾಚೆ ಇದೆ ಎಂದು ಮಕ್ಕಳಿಗೆ ಮೊದಲೇ ಹೇಳಿಯಾಗಿತ್ತು.

ಎಂಟು ವರ್ಷದ ಹುಡುಗ ‘ನಾನು ದೊಡ್ಡೋನಾದ ಮೇಲೆ ರೈಲು ಬಿಡ್ತೀನಿ’ ಅಂದರೆ ಮನೆಯವರು ನಗುತ್ತಾರೆ. ಮುಂದಿನ ರಜೆಯ ಹೊತ್ತಿಗೆ ಅವನು ರೈಲು ಬಿಟ್ಟು ಸರ್ಕಸ್ಸು ಸೇರಿರುತ್ತಾನೆ, ಅದಕ್ಕೂ ನಗುತ್ತಾರೆ. ಅದೇ ವಯಸ್ಸಿನ ಹುಡುಗಿ ಭಾನುವಾರದ ಕೊನೆಯ ಹಾಡಿನ ಹೊತ್ತಿಗೆ ಬೆಂಚು ಬಿಟ್ಟೆದ್ದು, ನಡುದಾರಿಯಲ್ಲಿ ನಡೆದುಹೋಗಿ, ಪಾಸ್ಟರ್ ಕಿವಿಯಲ್ಲಿ ‘ದೇವರು ನನ್ನನ್ನ ನೈಜೀರಿಯಾಕ್ಕೆ ಕರೀತಿದ್ದಾನೆ’ ಅಂದಳೋ, ನಗುವವರು ಯಾರೂ ಇಲ್ಲ. ಪಾಸ್ಟರ್ ಅವಳ ಹೆಗಲ ಮೇಲೆ ಕೈಯಿಟ್ಟು ಸಭೆಯ ಕಡೆ ತಿರುಗಿಸುತ್ತಾನೆ. ಅಜ್ಜಿಯಂದಿರು ಕಣ್ಣೊರೆಸಿಕೊಳ್ಳುತ್ತಾರೆ. ಸಾಲುಗಟ್ಟಿ ಬಂದು ಕೈ ಕುಲುಕುತ್ತಾರೆ. ನೈಜೀರಿಯಾ ಯಾವ ದಿಕ್ಕಿಗಿದೆ ಎಂದು ಹುಡುಗಿಗೆ ಗೊತ್ತಿಲ್ಲ. ಕೈ ಕುಲುಕಿದವರಲ್ಲೂ ಅರ್ಧ ಜನಕ್ಕೆ ಗೊತ್ತಿಲ್ಲ. ಆದರೆ ಇನ್ನು ಮುಂದೆ ಅವಳು ಹದಿನಾರಕ್ಕೆ ದನದ ಡಾಕ್ಟರಾಗಬೇಕು ಅಂದರೆ, ಅಥವಾ ಹಿಂದಿನ ಬೆಂಚಿನ ಹುಡುಗನನ್ನು ಮೆಚ್ಚಿದರೆ, ಅದು ಮನಸ್ಸು ಬದಲಾದದ್ದಲ್ಲ, ದೇವರ ಮಾತು ಮೀರಿದ್ದು.

ಮೀರಿದರೆ ಏನಾಗುತ್ತದೆ ಎಂಬುದಕ್ಕೂ ಸಂಡೇ ಸ್ಕೂಲಿನಲ್ಲಿ ಪಾಠವಿದೆ, ಬಣ್ಣದ ಚಿತ್ರದ ಸಮೇತ. ಯೋನನಿಗೆ ನಿನೆವೆ ಪಟ್ಟಣಕ್ಕೆ ಹೋಗು ಎಂದು ದೇವರ ಅಪ್ಪಣೆಯಾಯಿತು, ಅವನು ಉಲ್ಟಾ ದಿಕ್ಕಿನ ಹಡಗು ಹತ್ತಿದ, ಮೀನು ನುಂಗಿತು. ಹೊರದೇಶದ ಪೋಸ್ಟಿಂಗ್ ಬೇಡವೆಂದವನ ಕಥೆ ಬೈಬಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಇಲ್ಲ. ಚೊಂಬಿನ ನೀರಿಗೂ ಹೆದರುವ ವಯಸ್ಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಸೇವಾ ನಿಯಮಾವಳಿ ಬೇಕಿಲ್ಲ.

ದೇವರು ಮಕ್ಕಳ ಹತ್ತಿರ ಮಾತಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ನನ್ನ ಇಲಾಖೆಯಲ್ಲ. ನಾನು ನೋಡುತ್ತಿರುವುದು ಅವನು ಮಾತಾಡುವ ಹೊತ್ತನ್ನು. ಅದು ಸಾಮಾನ್ಯವಾಗಿ ಬೇಸಗೆ ಶಿಬಿರದ ಕೊನೆಯ ರಾತ್ರಿ. ನಾರ್ತ್ ಕರೋಲಿನಾದ ಗುಡ್ಡಗಳ ನಡುವೆ ರಿಡ್ಜ್‌ಕ್ರೆಸ್ಟ್ ಎಂಬ ಬ್ಯಾಪ್ಟಿಸ್ಟರು ಕಟ್ಟಿದ ದೊಡ್ಡ ಶಿಬಿರತಾಣವಿದೆ. ಅಂಥ ಕಡೆ ಒಂದು ವಾರ ಮನೆಬಿಟ್ಟಿದ್ದು, ನಿದ್ದೆಗೆಟ್ಟು, ಹಾಡಿ ಗಂಟಲು ಕಟ್ಟಿಸಿಕೊಂಡ ಮಕ್ಕಳ ಮುಂದೆ ರಜೆಯ ಮೇಲೆ ಬಂದ ಮಿಷನರಿಯೊಬ್ಬರು ಸ್ಲೈಡು ತೋರಿಸುತ್ತಾರೆ. ಹೆಬ್ಬಾವಿನ ಚರ್ಮ ಬಿಚ್ಚುತ್ತಾರೆ. ಕೊನೆಯ ಸ್ಲೈಡು ಸೂರ್ಯಾಸ್ತ. ಅದು ಯಾವ ದೇಶವಾದರೂ ಸರಿ, ಸೂರ್ಯಾಸ್ತವೇ. ಜನರೇಟರ್ ರಿಪೇರಿಗೆ ಹಾಳಾದ ವಾರಗಳು, ಪಕ್ಕದ ಬಂಗಲೆಯ ಸಹ-ಮಿಷನರಿಯ ಜತೆ ಮಾತುಬಿಟ್ಟ ವರ್ಷಗಳು, ತಿಂಗಳ ಲೆಕ್ಕಪತ್ರ, ಭೇದಿ - ಇವಕ್ಕೆ ಸ್ಲೈಡು ಇರುವುದಿಲ್ಲ. ದೀಪ ಆರಿಸಿ, ಎಲ್ಲರೂ ಕಣ್ಣು ಮುಚ್ಚಿ ಅಂದಾಗ, ಕೈ ಎತ್ತದ ಮಗುವೇ ಗಟ್ಟಿ ಮಗು.

ಕ್ರಿಸ್‌ಮಸ್ ಬಂತೆಂದರೆ ಲಾಟಿ ಮೂನ್ ಕಥೆ. ವರ್ಜೀನಿಯಾದ ಈ ಹೆಂಗಸು 1873ರಲ್ಲಿ ಚೀನಾಕ್ಕೆ ಹೋದಳು. ಎತ್ತರ ನಾಲ್ಕಡಿ ಮೂರಂಗುಲ. 1912ರ ಡಿಸೆಂಬರ್ 24ರಂದು, ಜಪಾನಿನ ಕೋಬೆ ಬಂದರಿನಲ್ಲಿ ನಿಂತ ಹಡಗಿನಲ್ಲಿ ತೀರಿಕೊಂಡಳು. ಬರಗಾಲದ ಚೀನೀಯರಿಗೆ ತನ್ನ ಅನ್ನವನ್ನೆಲ್ಲ ಕೊಟ್ಟು ಉಪವಾಸ ಸತ್ತಳೆಂಬ ಕಥೆಯನ್ನು ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿ, ಕಥೆ ಮುಗಿದ ಕೂಡಲೇ ಕಾಣಿಕೆ ಲಕೋಟೆ ಹಂಚಿದ್ದಾರೆ. ಉಪವಾಸದ ಕಥೆಯಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂದು ಇತಿಹಾಸಕಾರರು ತಕರಾರು ತೆಗೆದಿದ್ದಾರೆ. ಲಕೋಟೆಗೆ ಅದರ ಬಾಧೆಯಿಲ್ಲ. 1888ರ ಮೊದಲ ಕಾಣಿಕೆ 3,315 ಡಾಲರ್. 1918ರಲ್ಲಿ ಅದಕ್ಕೆ ಲಾಟಿ ಮೂನ್ ಹೆಸರಿಟ್ಟರು. ಈಗ ವರ್ಷಕ್ಕೆ ಹೆಚ್ಚುಕಮ್ಮಿ 20 ಕೋಟಿ ಡಾಲರ್ ಬರುತ್ತದೆ. ನಿಜವಾದ ಲಾಟಿ ಮೂನ್ ಮಕ್ಕಳ ಕಥೆಯಲ್ಲಿ ಸಿಗುವುದಿಲ್ಲ. ಹುಡುಗಿಯಾಗಿದ್ದಾಗ ಧರ್ಮವೆಂದರೆ ಗೇಲಿ ಮಾಡುತ್ತಿದ್ದವಳು, ಚೀನೀ ಭಾಷೆ ಚೆನ್ನಾಗಿ ಕಲಿತವಳು, ಮಿಷನ್ ಸಭೆಗಳಲ್ಲಿ ಹೆಂಗಸರಿಗೂ ಮತ ಬೇಕು ಎಂದು ಗಂಡಸರ ಮಂಡಳಿಯ ಜತೆ ಜಗಳಕ್ಕೆ ನಿಂತವಳು. ಜಗಳಗಂಟಿಯ ಹೆಸರಲ್ಲಿ ಲಕೋಟೆ ತುಂಬುವುದಿಲ್ಲವಲ್ಲ, ಹಾಗಾಗಿ ಉಪವಾಸ ಕೆಡವಿದರು.

ಅದೇ ಸಭೆಯವರು ಸ್ವದೇಶದ ಸೇವೆಗೂ ಒಂದು ಕಾಣಿಕೆ ಎತ್ತುತ್ತಾರೆ, ಈಸ್ಟರ್ ಹೊತ್ತಿಗೆ, ಆ್ಯನಿ ಆರ್ಮ್‌ಸ್ಟ್ರಾಂಗ್ ಹೆಸರಿನಲ್ಲಿ. ಅದಕ್ಕೆ ಬರುವುದು 7 ಕೋಟಿಯ ಆಸುಪಾಸು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಗೆ ಇಷ್ಟು ನಿಖರವಾದ ಲೆಕ್ಕ ಬೇರೆಲ್ಲೂ ಸಿಕ್ಕದು: ದೂರದ ಪಾಪಿಗೆ ಹತ್ತಿರದ ಪಾಪಿಯ ಮೂರರಷ್ಟು ಬೆಲೆ.

ದೂರವೆಂದರೆ ಎಷ್ಟು ದೂರ? ಅದಕ್ಕೂ ನಕ್ಷೆಯಿದೆ. 1989ರ ಸುಮಾರಿಗೆ ಲೂಯಿಸ್ ಬುಷ್ ಎಂಬ ಪ್ರಚಾರಕ, ಭೂಮಧ್ಯರೇಖೆಯ ಉತ್ತರಕ್ಕೆ 10 ಮತ್ತು 40 ಡಿಗ್ರಿ ಅಕ್ಷಾಂಶಗಳ ನಡುವೆ, ಪಶ್ಚಿಮ ಆಫ್ರಿಕದಿಂದ ಪೂರ್ವ ಏಷ್ಯಾದವರೆಗೆ ಒಂದು ಚೌಕ ಎಳೆದು, ಸುವಾರ್ತೆ ತಲುಪದ ಜನರೆಲ್ಲ ಹೆಚ್ಚಾಗಿ ಇದರೊಳಗಿದ್ದಾರೆ ಎಂದ. 10/40 ಕಿಟಕಿ ಎಂದು ಅದಕ್ಕೆ ಹೆಸರಾಯಿತು. ಬೆಂಗಳೂರು 13 ಡಿಗ್ರಿಯ ಹತ್ತಿರ. ಕಿಟಕಿಯೊಳಗೆ ಸುಖವಾಗಿ ಕೂತಿದೆ. ಮಂಗಳೂರೂ ಹಾಗೇ. ತಿರುವನಂತಪುರ ಎಂಟೂವರೆ, ಹೊರಗುಳಿದು ಪಾರಾಯಿತು. ಬೀಜಿಂಗ್ 40ಕ್ಕೆ ಕೂದಲೆಳೆಯಷ್ಟು ಕೆಳಗೆ, ಒಳಗೆ. ಮ್ಯಾಡ್ರಿಡ್ 40ರ ಮೇಲೆ, ಬಚಾವು. ಯೋನನ ನಿನೆವೆ ಒಳಗೇ ಇದೆ, ಅಂದರೆ ಎರಡೂವರೆ ಸಾವಿರ ವರ್ಷದಲ್ಲಿ ಪೋಸ್ಟಿಂಗ್ ಪಟ್ಟಿ ಬದಲಾಗಿಲ್ಲ. ಅಟ್ಲಾಂಟಾ, ಡಲಾಸ್, ಲಾಸ್ ಏಂಜಲೀಸ್ ಎಲ್ಲವೂ 10-40ರ ನಡುವೆಯೇ ಬರುತ್ತವೆ. ಆದರೆ ಕಿಟಕಿಯನ್ನು ಎಳೆಯುವಾಗ ಅಟ್ಲಾಂಟಿಕ್ ಸಾಗರದ ಹತ್ತಿರ ಸ್ಕೇಲು ನಿಂತುಬಿಟ್ಟಿತು.

ಕಿಟಕಿಯೊಳಗೆ ಯಾರಿದ್ದಾರೆ ಎಂದು ಜೋಶುವಾ ಪ್ರಾಜೆಕ್ಟ್ ಎಂಬ ಸಂಸ್ಥೆ ಪಟ್ಟಿ ಇಟ್ಟಿದೆ. ಭಾರತದ ಮಟ್ಟಿಗೆ ಅದು ಜಾತಿವಾರು ಪಟ್ಟಿ. ಒಕ್ಕಲಿಗರಿದ್ದಾರೆ, ಲಿಂಗಾಯತರಿದ್ದಾರೆ, ಕುರುಬರಿದ್ದಾರೆ. 2015ರಲ್ಲಿ ಮನೆಮನೆ ತಿರುಗಿ ಮಾಡಿದ ನಮ್ಮ ಜಾತಿ ಸಮೀಕ್ಷೆ ವರದಿಯಾಗಿ ಸರಕಾರದ ಕೈಸೇರಲು 2024 ಬರಬೇಕಾಯಿತು. ಈ ಕೆಲಸವನ್ನು ಯಾರಿಗೆ ಹೊರಗುತ್ತಿಗೆ ಕೊಡಬೇಕಿತ್ತು ಎಂದು ವಿಧಾನಸೌಧಕ್ಕೆ ಹೊಳೆಯಲೇ ಇಲ್ಲ.

ಈಗ ಕಿರೀಟ ತೊಟ್ಟ ಹುಡುಗಿಯರ ಊರಿಗೇ ವಾಪಸು ಬರೋಣ. ಆ ಸದರನ್ ಬ್ಯಾಪ್ಟಿಸ್ಟ್ ಒಕ್ಕೂಟ ಹುಟ್ಟಿದ್ದೇ ಮಿಷನರಿಗಳ ವಿಷಯಕ್ಕೆ ನಡೆದ ಜಗಳದಿಂದ. ಜಗಳ ಇಷ್ಟೇ: ಗುಲಾಮರನ್ನು ಇಟ್ಟುಕೊಂಡವನು ಮಿಷನರಿಯಾಗಬಹುದೇ? 1844ರಲ್ಲಿ ಜಾರ್ಜಿಯಾದವರು ಜೇಮ್ಸ್ ರೀವ್ ಎಂಬ ಗುಲಾಮರೊಡೆಯನ ಹೆಸರು ಕಳಿಸಿದರು. ಮಿಷನರಿಗಳನ್ನು ನೇಮಿಸುವ ಮಂಡಳಿ ಅವನನ್ನು ನೇಮಿಸಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ದಕ್ಷಿಣದವರು ಜಾರ್ಜಿಯಾದ ಆಗಸ್ಟಾದಲ್ಲಿ ಸೇರಿ, ತಮ್ಮದೇ ಬೇರೆ ಒಕ್ಕೂಟ ಕಟ್ಟಿಕೊಂಡರು. ಹೊಸ ಒಕ್ಕೂಟದ ಜನ 1850ರ ಹೊತ್ತಿಗೆ ಆಫ್ರಿಕದಲ್ಲಿ, ಇವತ್ತಿನ ನೈಜೀರಿಯಾದಲ್ಲಿ, ಸುವಾರ್ತೆ ಸಾರುತ್ತಿದ್ದರು. ಹತ್ತಿಹೊಲದಲ್ಲಿ ಬೆನ್ನು ಬಗ್ಗಿಸಿದ್ದ ಆಫ್ರಿಕನ್ನರ ಹತ್ತಿರ ಹೋಗಲು ಹಡಗು ಬೇಕಿರಲಿಲ್ಲ, ಹಾಗಾಗಿ ಅಲ್ಲಿ ರೋಮಾಂಚನವೂ ಇರಲಿಲ್ಲ. ಗುಲಾಮಗಿರಿಯ ಬಗ್ಗೆ ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ, 150ನೇ ಹುಟ್ಟುಹಬ್ಬಕ್ಕೆ.

ಕಿರೀಟ, ಲಕೋಟೆಗಳ ಈ ಯಂತ್ರ ಒಂದು ಸಲ ತನ್ನ ಗುರಿ ಮುಟ್ಟಿತು, ಅಂದರೆ ಪೂರ್ತಿ ಯಶಸ್ವಿಯಾಯಿತು. ಆಗ ಏನಾಯಿತೆಂದು ನೋಡಬೇಕು. ಹ್ಯಾರಿಸ್ ಮೋಬ್ಲಿ ಎಂಬ ಮಿಷನರಿ ಜಾರ್ಜಿಯಾದ ಮೇಕನ್ ಊರಿನ ಮರ್ಸರ್ ವಿಶ್ವವಿದ್ಯಾಲಯದಲ್ಲಿ ಓದಿ ಘಾನಾಕ್ಕೆ ಹೋದವರು. ಅಲ್ಲಿ ಅವರ ಪ್ರಭಾವಕ್ಕೆ ಬಂದ ತರುಣ ಸ್ಯಾಮ್ ಓನಿ. ಮರ್ಸರ್ ಬ್ಯಾಪ್ಟಿಸ್ಟರದೇ ವಿಶ್ವವಿದ್ಯಾಲಯ. 1963ರಲ್ಲಿ ಓನಿ ಅಲ್ಲಿಗೆ ಸೇರಿ ಅದರ ಮೊದಲ ಕಪ್ಪು ವಿದ್ಯಾರ್ಥಿಯಾದರು. ಕ್ಯಾಂಪಸ್ಸಿನ ಮೂಲೆಯಲ್ಲೇ ಟ್ಯಾಟ್ನಲ್ ಸ್ಕ್ವೇರ್ ಬ್ಯಾಪ್ಟಿಸ್ಟ್ ಚರ್ಚು. ಅಲ್ಲಿ ಲಕೋಟೆ ಹಂಚಿ, ಡಾಲರ್ ಕೂಡಿಸಿ, ಪ್ರಾರ್ಥನೆ ಮಾಡಿ, ಸಾವಿರಾರು ಮೈಲು ಆಚೆ ಹೋಗಿ ಹುಡುಕಬೇಕಾದ ಆತ್ಮವೊಂದು ತಾನಾಗಿ ಬಾಗಿಲಿಗೇ ಬಂದು ನಿಂತಿತ್ತು, ಅದೂ ದೀಕ್ಷಾಸ್ನಾನ ಮುಗಿಸಿಕೊಂಡು. 1966ರ ಸೆಪ್ಟೆಂಬರ್ 25ರ ಭಾನುವಾರ ಓನಿ ಆ ಚರ್ಚಿನ ಮೆಟ್ಟಿಲು ಹತ್ತಿದರು. ಹಿರಿಯರು ಬಾಗಿಲಲ್ಲೇ ತಡೆದರು. ಒಳಗೆ ಬಿಡಲಿಲ್ಲ. ಅದೇ ಬೆಳಗ್ಗೆ, ಅದೇ ಕಟ್ಟಡದೊಳಗೆ ಸಭೆ ಮತ ಹಾಕಿ, ಕಪ್ಪು ಜನರನ್ನು ಸೇರಿಸಿಕೊಳ್ಳಬೇಕೆಂದಿದ್ದ ಪಾಸ್ಟರ್ ಥಾಮಸ್ ಹೋಮ್ಸ್ ಅವರನ್ನು ಕೆಲಸದಿಂದ ತೆಗೆಯಿತು.

ಆ ಬಾಗಿಲಲ್ಲಿ ನಿಂತವರನ್ನು ಕಪಟಿಗಳೆನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಘಾನಾದಲ್ಲಿರುವ ಓನಿಗಾಗಿ ಅವರು ಪ್ರಾಮಾಣಿಕವಾಗಿಯೇ ಅತ್ತಿರಬಹುದು. ಅವರು ಒಪ್ಪಿಕೊಂಡಿದ್ದ ಕರಾರಿನಲ್ಲಿ ಓನಿ ಘಾನಾದಲ್ಲೇ ಇರಬೇಕಿತ್ತು. ಆಮಂತ್ರಣ ಪತ್ರಿಕೆಯಲ್ಲಿ ‘ನಿಮ್ಮ ಆಗಮನವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದವನ ಮನೆಗೆ ನಿಜಕ್ಕೂ ಬರಿಗೈಯಲ್ಲಿ ಹೋದಂತಾಯಿತು ಪಾಪ ಆ ಹುಡುಗನ ಕಥೆ.

ಮಕ್ಕಳ ಕಾಸಿನ ಮೇಲೆ ಕಣ್ಣಿಟ್ಟವರಲ್ಲಿ ಅಮೆರಿಕದವರು ಮೊದಲಿಗರೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಎಂಬವರನ್ನು 1839ರಲ್ಲಿ ದಕ್ಷಿಣ ಶಾಂತಸಾಗರದ ಎರೊಮಾಂಗಾ ದ್ವೀಪದ ಜನ ಕೊಂದು ತಿಂದರು. ಬ್ರಿಟನ್ನಿನ ಸಂಡೇ ಸ್ಕೂಲುಗಳಲ್ಲಿ ಈ ಕಥೆ ಹೇಳಿ ಮಕ್ಕಳಿಂದ ಕಾಸು ಎತ್ತಿ, 1844ರಲ್ಲಿ ಅದೇ ಹೆಸರಿನ ಹಡಗು ಕಟ್ಟಿಸಿದರು. 1864ರಲ್ಲಿ ಅದು ಪುಕಾಪುಕಾ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಮಕ್ಕಳು ಮತ್ತೆ ಕಾಸು ಕೂಡಿಸಿದರು. ಎರಡನೆಯ ಹಡಗು 1865ರಲ್ಲಿ ನೀರಿಗಿಳಿದು 1867ರಲ್ಲಿ ನಿಯೂ ದ್ವೀಪದ ಹತ್ತಿರ ಒಡೆಯಿತು. ಮೂರನೆಯದಕ್ಕೂ ಡಬ್ಬಿ ತಿರುಗಿತು. ಬೈಬಲ್ಲಿನ ಬದಲು ಯಾರಾದರೂ ಆ ನಾವಿಕರಿಗೊಂದು ನಕ್ಷೆ ಕೊಡಿಸಬಾರದಿತ್ತೇ ಎಂದು ಯಾವ ಮಗು ಕೇಳಿತೋ ದಾಖಲೆಯಿಲ್ಲ. ಜರ್ಮನ್ ಮಾತಾಡುವ ನಾಡುಗಳ ಸಂಡೇ ಸ್ಕೂಲಿನಲ್ಲಿ ಡಬ್ಬಿಯ ಮೇಲೆಯೇ ಗೊಂಬೆಯಿತ್ತು: ಮಂಡಿಯೂರಿ ಕೈಮುಗಿದ ಕಪ್ಪು ಹುಡುಗ. ಕಾಸು ಹಾಕಿದರೆ ತಲೆಯಾಡಿಸಿ ಥ್ಯಾಂಕ್ಸ್ ಹೇಳುತ್ತಿದ್ದ. 20ನೇ ಶತಮಾನದಲ್ಲೂ ಬಹುಕಾಲ ಆ ಗೊಂಬೆ ತಲೆಯಾಡಿಸುತ್ತಲೇ ಇತ್ತು. ಪರದೇಶದ ಮಗುವೆಂದರೆ ಕಾಸು ಬಿದ್ದ ಕೂಡಲೇ ತಲೆಯಾಡಿಸುವವನು ಎಂದು ಕಲಿತ ಮಕ್ಕಳು ದೊಡ್ಡವರಾಗಿ ಹಡಗು ಹತ್ತಿ ಬಂದು, ಇಲ್ಲಿನವರು ತಲೆಯಾಡಿಸದಿದ್ದಾಗ ಬೇಸರಪಟ್ಟುಕೊಂಡರೆ ತಪ್ಪು ಅವರದಲ್ಲ.

ಮಿಷನರಿ ಜೀವನಚರಿತ್ರೆಗಳನ್ನು ಓದಿ ನೋಡಿ, ಕರೆ ಸಾಮಾನ್ಯವಾಗಿ ಬಾಲ್ಯದಲ್ಲೇ ಬಂದಿರುತ್ತದೆ. ಪುಸ್ತಕ ಬರೆಯುವಾಗ ಹಿಂದಕ್ಕೆ ಹೋಗಿ ಹುಡುಕಿ ತರುತ್ತಾರೆ. ಐರ್ಲೆಂಡಿನ ಏಮಿ ಕಾರ್ಮೈಕೆಲ್, 1867ರಲ್ಲಿ ಹುಟ್ಟಿದವರು, ಎಳೆಯ ಮಗುವಾಗಿದ್ದಾಗ ನೀಲಿ ಕಣ್ಣು ಕೊಡು ದೇವರೇ ಎಂದು ರಾತ್ರಿ ಬೇಡಿಕೊಂಡು, ಬೆಳಗಾಗೆದ್ದು ಕನ್ನಡಿ ನೋಡಿದರೆ ಕಣ್ಣು ಕಂದೇ ಆಗಿತ್ತಂತೆ. 1895ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದರು. ಇಲ್ಲಿನ ಮಿಷನರಿ ಬಿಳಿಯರ ಚಹಾಕೂಟದ ಬದುಕು ಹಿಡಿಸದೆ ತಮಿಳುನಾಡಿನ ದಕ್ಷಿಣಕ್ಕೆ ಹೋಗಿ, ದೋಹ್ನಾವೂರಿನಲ್ಲಿ ನೆಲೆನಿಂತು, ದೇವಸ್ಥಾನಗಳಿಗೆ ಬಿಡುತ್ತಿದ್ದ ಹೆಣ್ಣುಮಕ್ಕಳನ್ನು ಸಾಕಿದರು. ಮೈಗೆ ಬಣ್ಣ ಹಚ್ಚಿ ಸೀರೆಯುಟ್ಟು ಊರೊಳಗೆ ಓಡಾಡುವಾಗ ಕಂದು ಕಣ್ಣು ಉಪಯೋಗಕ್ಕೆ ಬಂತು, ದೇವರು ಪ್ರಾರ್ಥನೆಗೆ ‘ಇಲ್ಲ’ ಎಂದದ್ದರ ಮರ್ಮ ಇದೇ ಎನ್ನುತ್ತದೆ ಕಥೆ. ಮರಳಿ ಹೋಗದೆ ಇಲ್ಲಿಯೇ 1951ರಲ್ಲಿ ತೀರಿಕೊಂಡ ಆ ಹೆಂಗಸಿನ ಛಲದ ಮುಂದೆ ನನ್ನ ಕುಹಕ ಸಣ್ಣದು, ಒಪ್ಪುತ್ತೇನೆ. ಆದರೂ ಕೇಳದೆ ಇರಲಾರೆ: ಐರ್ಲೆಂಡಿನಲ್ಲಿ ಕಂದು ಕಣ್ಣಿನ ಹುಡುಗಿಯರು ಇನ್ನೂ ಸಾಕಷ್ಟು ಜನ ಇದ್ದಿರಬೇಕಲ್ಲ. ಊರಲ್ಲೇ ಮದುವೆಯಾಗಿ ಆಲೂಗಡ್ಡೆ ಬೇಯಿಸಿಕೊಂಡಿದ್ದ ಅವರ ಕಣ್ಣಿನ ಮರ್ಮವೇನು?

ಇದಕ್ಕೆ ವಿರುದ್ಧದ ಬಾಲ್ಯ ಐಡಾ ಸ್ಕಡರ್ ಅವರದು. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದವರು. ತಾತ ಮಿಷನರಿ, ಅಪ್ಪ ಮಿಷನರಿ, ದೊಡ್ಡಪ್ಪ-ಚಿಕ್ಕಪ್ಪಂದಿರೂ ಅದೇ. ಏನಾದರೂ ಆದೇನು, ಮಿಷನರಿ ಮಾತ್ರ ಆಗೆ ಎಂದು ಹುಡುಗಿ ಗಟ್ಟಿ ಮಾಡಿಕೊಂಡಿದ್ದಳು. ಅಮೆರಿಕದಲ್ಲಿ ಓದು ಮುಗಿಸಿ, ಕಾಯಿಲೆಯ ತಾಯಿಯನ್ನು ನೋಡಲೆಂದು ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂರು ಮನೆಯ ಗಂಡಸರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಬೇನೆ. ಡಾಕ್ಟರಾಗಿದ್ದ ಅಪ್ಪನನ್ನು ಕರೆದೊಯ್ಯುವಂತಿಲ್ಲ, ಗಂಡಸು. ನೀನು ಬಾಮ್ಮ ಎಂದರು. ಆಕೆಗೆ ಆಗ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ಸತ್ತಿದ್ದರು. ಐಡಾ ಹೋಗಿ ಡಾಕ್ಟರಿಕೆ ಕಲಿತು 1900ರಲ್ಲಿ ವಾಪಸು ಬಂದರು. ವೆಲ್ಲೂರಿನ ಆಸ್ಪತ್ರೆ ಆಮೇಲಿನದು. ನಾನು ಇಲ್ಲಿ ಹೆಸರು ಹೇಳಿದವರಲ್ಲಿ ಈ ನೆಲದವರೇ ಬಂದು ಬಾಗಿಲು ತಟ್ಟಿ ಕರೆದದ್ದು ಇವರೊಬ್ಬರನ್ನೇ. ಅವರಿಗೆ ಬಾಲ್ಯದಲ್ಲಿ ಯಾವ ಕರೆಯೂ ಬಂದಿರಲಿಲ್ಲ.

ಕರೆಗೆ ಓಗೊಟ್ಟವರ ಮಕ್ಕಳ ಗತಿಯನ್ನೂ ಒಂದು ಮಾತು ಹೇಳಬೇಕು, ಏಕೆಂದರೆ ಅದು ಮಂಗಳೂರಿನ ಮೇಲೆಯೇ ಹಾದುಹೋಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉಪಕಾರಗಳನ್ನು ನಾವು ಹಂಚಿನ ಕೆಳಗೆ ಕೂತೇ ಓದಿದ್ದೇವೆ: 1843ರ ಮೋಗ್ಲಿಂಗರ ಮಂಗಳೂರ ಸಮಾಚಾರ, 1894ರ ಕಿಟ್ಟೆಲ್ ನಿಘಂಟು. ಹೆಂಡತಿಯನ್ನು ಆ ಮಿಷನರಿಗಳು ತಾವೇ ಆರಿಸಿಕೊಳ್ಳುವಂತಿರಲಿಲ್ಲ, ಕಮಿಟಿಯ ಅಪ್ಪಣೆ ಬೇಕಿತ್ತು. ಎಷ್ಟೋ ಸಲ ಮುಖ ನೋಡದ ವಧು ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ವಾಪಸು, ಬಾಸೆಲ್‌ನ ಮಕ್ಕಳ ಮನೆಗೆ. ಮತ್ತೆ ಅಪ್ಪ-ಅಮ್ಮನ ಮುಖ ಕಾಣಲು ವರ್ಷಗಳೇ ಬೇಕು. ಕೆಲವರಿಗೆ ಅದೂ ಇಲ್ಲ. ಊರಿನ ಅನಾಥ ಮಕ್ಕಳಿಗೆ ಇಲ್ಲಿ ಅಪ್ಪ-ಅಮ್ಮನಾದವರು ತಮ್ಮ ಮಕ್ಕಳನ್ನು ಅಲ್ಲಿ ಅನಾಥರ ಹಾಗೆ ಬೆಳೆಸಿದರು. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಮಾತು ಕಿಟ್ಟೆಲ್ಲರ ಕಿವಿಗೆ ಬಿದ್ದಿರದೆ ಇರಲಾರದು.

ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಮೇರಿ ಗುಂಡರ್ಟ್ ಹೀಗೆ ಎಳವೆಯಲ್ಲೇ ಅಪ್ಪ-ಅಮ್ಮನಿಂದ ದೂರವಾಗಿ ಯುರೋಪಿನಲ್ಲಿ ಬೆಳೆದು, ಹದಿನೈದರ ಹೊತ್ತಿಗೆ ಅವರ ಹತ್ತಿರ ವಾಪಸು ಬಂದವಳು. ಮುಂದೆ ಆಕೆ ಮದುವೆಯಾದದ್ದು ಬಾಸೆಲ್ ಮಿಷನ್ನಿನಲ್ಲೇ ಇದ್ದ, ಈ ಕರಾವಳಿಯಲ್ಲಿ ನಾಲ್ಕು ವರ್ಷ ದುಡಿದು ಮೈಗೆ ಹಿಡಿಸದೆ ಮರಳಿದ ಯೋಹಾನ್ನೆಸ್ ಹೆಸ್ಸೆಯನ್ನು. ಅವರ ಮಗ ಹರ್ಮನ್ ಹೆಸ್ಸೆ. ಹಟಮಾರಿ ಹುಡುಗನನ್ನು ಆರೇಳು ವರ್ಷಕ್ಕೇ ಮಿಷನ್ನಿನ ಹುಡುಗರ ಹಾಸ್ಟೆಲಿಗೆ ಹಾಕಿದರು. ಆಮೇಲೆ ದೇವಶಾಸ್ತ್ರ ಓದಲೆಂದು ಮೌಲ್‌ಬ್ರಾನ್ ಮಠದ ಶಾಲೆಗೆ ಸೇರಿಸಿದರು. 1892ರಲ್ಲಿ ಹುಡುಗ ಅಲ್ಲಿಂದ ಓಡಿಹೋದ. ಯಾವ ಮೀನೂ ನುಂಗಲಿಲ್ಲ. 1922ರಲ್ಲಿ ‘ಸಿದ್ಧಾರ್ಥ’ ಬರೆದ, 1946ರಲ್ಲಿ ನೊಬೆಲ್ ಬಂತು. ಅಜ್ಜ, ಅಪ್ಪ, ಅಮ್ಮ ಮೂವರೂ ಸೇರಿ ಇಂಡಿಯಾಕ್ಕೆ ಸುವಾರ್ತೆ ತಂದರು; ಓಡಿಹೋದ ಮಗ ಒಬ್ಬನೇ ಇಂಡಿಯಾವನ್ನು ಯುರೋಪಿಗೆ ಹೊತ್ತು ಹಾಕಿದ. ಲೆಕ್ಕ ಯಾರ ಕಡೆ ಜಾಸ್ತಿ ಎಂಬುದನ್ನು ಕಮಿಟಿ ನೋಡಿಕೊಳ್ಳಲಿ.

ನಾವು ತೀರಾ ನಗುವಂತೆಯೂ ಇಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಬಾಲಸನ್ಯಾಸ ಹಳೆಯ ಪದ್ಧತಿ. ಅಮೆರಿಕಕ್ಕೆ ಹೋಗಿ ಕೃಷ್ಣನ ಗುಡಿಗಳನ್ನು ಕಟ್ಟಿಸಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು 2008ರ ಪರ್ಯಾಯಕ್ಕೆ ಬಂದಾಗ, ಸಮುದ್ರ ದಾಟಿದ ಯತಿ ಕೃಷ್ಣನ ವಿಗ್ರಹ ಮುಟ್ಟಬಹುದೇ ಎಂದು ದೊಡ್ಡ ತಕರಾರೆದ್ದಿತು. ಅಲ್ಲಿ ಸಮುದ್ರ ದಾಟುತ್ತೇನೆಂದ ಮಗುವಿಗೆ ಕಿರೀಟ, ಇಲ್ಲಿ ದಾಟಿಬಂದ ಯತಿಗೆ ಮೈಲಿಗೆ. ಎಳೆಯ ಬಾಯಿಂದ ಜೀವಮಾನದ ಮಾತು ತೆಗೆದುಕೊಳ್ಳುವ ವಿಷಯದಲ್ಲಿ ಮಾತ್ರ ಎರಡೂ ಕಡೆ ಮಡಿವಂತರಿಗೆ ಭಿನ್ನಾಭಿಪ್ರಾಯವಿಲ್ಲ.

ಸ್ಲೈಡು, ಲಕೋಟೆ, ಕಿಟಕಿ, ಪಟ್ಟಿ ಎಲ್ಲವೂ ಒಬ್ಬನ ತಲೆಯಲ್ಲಿ ಒಟ್ಟಿಗೆ ಕೂತರೆ ಏನಾಗುತ್ತದೆ ಎಂಬುದನ್ನು 2018ರ ನವೆಂಬರ್‌ನಲ್ಲಿ ನೋಡಿದೆವು. ಜಾನ್ ಆ್ಯಲನ್ ಚೌಗೆ 26 ವರ್ಷ. ಚಿಕ್ಕವನಿದ್ದಾಗ ರಾಬಿನ್ಸನ್ ಕ್ರೂಸೋ ಓದಿ ಹುಚ್ಚು ಹಿಡಿಸಿಕೊಂಡವನು. ಹೈಸ್ಕೂಲಿನ ಹೊತ್ತಿಗೆ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದವರೇ ತನ್ನ ಪಾಲಿನವರೆಂದು ಗೊತ್ತು ಮಾಡಿಕೊಂಡಿದ್ದ. ಹನ್ನೊಂದೂವರೆ ಡಿಗ್ರಿ, ಕಿಟಕಿಯೊಳಗೇ ಇದೆ. ಹೊರಡುವ ಮುಂಚೆ ಒಂದು ಮಿಷನ್ ಸಂಸ್ಥೆ ಕನ್ಸಾಸ್ ರಾಜ್ಯದಲ್ಲಿ ಅವನಿಗೆ ತರಬೇತಿ ಕೊಟ್ಟಿತು. ಅದರಲ್ಲೊಂದು ನಕಲಿ ಹಳ್ಳಿ. ಸಂಸ್ಥೆಯ ನೌಕರರೇ ಚಿತ್ರವಿಚಿತ್ರ ಬಟ್ಟೆ ತೊಟ್ಟು, ಹುಸಿ ಈಟಿ ಹಿಡಿದು, ಅರ್ಥವಾಗದ ಭಾಷೆ ಮಾತಾಡಿ ಬುಡಕಟ್ಟಿನವರಾದರು. ನಮ್ಮ ಶಾಲಾ ವಾರ್ಷಿಕೋತ್ಸವದಲ್ಲೂ ಕಾಡುಜನರ ನೃತ್ಯ ಇರುತ್ತದೆ. ಆದರೆ ಅದನ್ನು ನೋಡಿದ ಮೇಲೆ ನಾವು ಯಾರನ್ನೂ ದ್ವೀಪಕ್ಕೆ ಕಳಿಸುವುದಿಲ್ಲ.

ಆ ದ್ವೀಪದವರು ಹೊರಗಿನವರನ್ನು ಯಾಕೆ ಸೇರಿಸುವುದಿಲ್ಲ ಎಂಬುದೂ ಊಹಿಸಲಾಗದ ಸಂಗತಿಯೇನಲ್ಲ. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಆರು ಜನರನ್ನು ಹಿಡಿದು ಪೋರ್ಟ್ ಬ್ಲೇರಿಗೆ ಒಯ್ದ. ಇಬ್ಬರು ಮುದುಕರು ಕಾಯಿಲೆ ಬಿದ್ದು ಸತ್ತರು. ನಾಲ್ಕು ಮಕ್ಕಳನ್ನು ಉಡುಗೊರೆ ಕೊಟ್ಟು ವಾಪಸು ಬಿಟ್ಟರು. 1956ರ ಕಾನೂನಿನ ಪ್ರಕಾರ ಅಲ್ಲಿಗೆ ಹೊರಗಿನವರು ಹೋಗುವಂತಿಲ್ಲ. ಚೌ ಮೀನುಗಾರರಿಗೆ ದುಡ್ಡು ಕೊಟ್ಟು ಕತ್ತಲಲ್ಲಿ ಹೋದ. ಮೊದಲು ಬಂದ ಬಾಣ ಅವನ ಕೈಯಲ್ಲಿದ್ದ ಬೈಬಲ್ಲಿಗೆ ನಾಟಿತು. ಅಷ್ಟು ಸ್ಪಷ್ಟವಾದ ಉತ್ತರ ಸಿಕ್ಕ ಮೇಲೂ ಅವನು ಮತ್ತೆ ಹೋದ, ಏಕೆಂದರೆ ಪ್ರಶ್ನೆ ಆ ಕಡೆಯವರಿಗೆ ಕೇಳಿದ್ದಾಗಿರಲೇ ಇಲ್ಲ. ಕೊಲೆಯಾದ ಅವನಿಗೆ ಕೆಲವರು ಹುತಾತ್ಮನ ಪಟ್ಟ ಕೊಟ್ಟರು. ಜೈಲಿಗೆ ಹೋದವರು ಮೀನುಗಾರರು. ಅವನನ್ನು ತಯಾರು ಮಾಡಿದ ಮಿಷನ್ ಜಗತ್ತನ್ನೇ ದೂರಿದ್ದು ಅವನ ಅಪ್ಪ. ಶಿಬಿರದ ಕೊನೆಯ ರಾತ್ರಿ ಕೈ ಎತ್ತಿಸಿದವರನ್ನು ಯಾವ ಠಾಣೆಗೂ ಕರೆಸಲಿಲ್ಲ.

ಈಗ ಗಾಳಿ ತಿರುಗಿದೆ. ಜರ್ಮನಿಯ ಊರುಗಳಲ್ಲಿ ಇಗರ್ಜಿಗಳಿವೆ, ಗಂಟೆಗಳಿವೆ, ಪಾದ್ರಿಗಳಿಲ್ಲ. ಅಲ್ಲಿನ ಹುಡುಗರಿಗೆ ಯಾವ ಕರೆಯೂ ಕೇಳಿಸುತ್ತಿಲ್ಲ. ಹಾಗಾಗಿ ಕೇರಳದ, ಮಂಗಳೂರಿನ ಫಾದರ್‌ಗಳು ಹೋಗಿ ಪೂಜೆ ಹೇಳುತ್ತಿದ್ದಾರೆ. ನಮ್ಮ ಕರಾವಳಿಯ ದೊಡ್ಡ ಕುಟುಂಬಗಳಲ್ಲಿ ಒಬ್ಬ ಮಗ ಸೆಮಿನರಿಗೆ ಎಂದು ತೊಟ್ಟಿಲಲ್ಲೇ ತೀರ್ಮಾನವಾಗುತ್ತಿದ್ದ ಕಾಲವೊಂದಿತ್ತು. ಆ ಮಕ್ಕಳೀಗ ಹಿಮದಲ್ಲಿ ಕಾಲು ಹೂತುಕೊಂಡು ಸಾವಿನ ಮನೆಗಳಿಗೆ ಹೋಗಿ ಅಜ್ಜಿಯಂದಿರ ಜತೆ ಜರ್ಮನ್ ಮಾತಾಡುತ್ತಾರೆ.

ಆದರೆ ಹೋಗುವ ದಾರಿ ಮೊದಲಿನಷ್ಟು ಸಲೀಸಿಲ್ಲ. 1793ರಲ್ಲಿ ವಿಲಿಯಂ ಕೇರಿ ಬಂಗಾಳಕ್ಕೆ ಬರುವಾಗ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇರಲಿಲ್ಲ. ಡೇನಿಷ್ ಹಡಗು ಹತ್ತಿ ಬಂದಿಳಿದರು, ಕೆಲವರ್ಷ ಕಳೆದು ಡೇನರ ಶ್ರೀರಾಂಪುರದಲ್ಲಿ ಕೂತರು. ಇವತ್ತಿನ ಭಾಷೆಯಲ್ಲಿ ಅಕ್ರಮ ವಲಸಿಗ. ಮಂಗಳೂರಿನ ಫಾದರ್‌ಗೆ ಆ ಸೌಕರ್ಯವಿಲ್ಲ. ಮೊದಲು ಜರ್ಮನ್ ಕಲಿಯಬೇಕು, ಅದರಲ್ಲಿ ಮೇಜು ಗಂಡೋ ಹೆಣ್ಣೋ ಎಂದು ನೆನಪಿಡಬೇಕು. ಬಿಷಪ್ಪರ ಪತ್ರ, ಆರೋಗ್ಯ ವಿಮೆ, ಫೋಟೋ. ಕೊನೆಗೆ ಅರ್ಜಿಯಲ್ಲಿ ಒಂದು ಪ್ರಶ್ನೆ: ಯಾರ ಆಹ್ವಾನದ ಮೇಲೆ ಹೋಗುತ್ತಿದ್ದೀರಿ? ಅಲ್ಲಿ ದೇವರೆಂದು ಬರೆದರೆ ಅರ್ಜಿ ವಾಪಸು. ಆಹ್ವಾನಿಸಿದವರ ಹೆಸರು, ವಿಳಾಸ, ಫೋನ್ ನಂಬರ್ ಬೇಕು, ಕೆಳಗೆ ಅವರದೇ ಸಹಿಯಿರಬೇಕು.